ತೋಳಪ್ಪನವರು ಸೊಳ್ಳೆ ಒಪ್ಪಿಸಿದ್ದು

ನಿವೃತ್ತಿಯ ದಿನ ಬೆಳಿಗ್ಗೆ ತೋಳಪ್ಪನವರ ಹೆಂಡತಿ ಎದುರುಮನೆಯ ಔಷಧದಂಗಡಿಯವರಿಂದ ಒಂದು ಮುಲಾಮು ಇಸಿದುಕೊಂಡು ಬಂದರು. ಆಮೇಲೆ ನಡೆದದ್ದಕ್ಕೆಲ್ಲ ಆ ಮುಲಾಮೇ ಕಾರಣ.

"ರೀ, ತೋಳು ಚಾಚಿ."

"ಯಾಕೆ?"

"ಯಾಕೆ ಅಂದ್ರೆ? ನಾಳೆ ಅಕ್ಕನ ಮನೇಲಿ ಈ ತೋಳು ಇಟ್ಕೊಂಡು ಊಟಕ್ಕೆ ಕೂತ್ರೆ ಅಕ್ಕ ನನ್ನನ್ನೇ ಅನುಮಾನದಿಂದ ನೋಡ್ತಾಳೆ. ಇವಳೇ ಚುಚ್ಚಿ ಚುಚ್ಚಿ ಹೀಗ್ಮಾಡಿದಾಳೆ ಅಂತ. ಇದು ಹಚ್ಚಿದ್ರೆ ಒಂದೇ ದಿನದಲ್ಲಿ ಕಲೆ ತಿಳಿಯಾಗುತ್ತಂತೆ."

ತೋಳಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಅವರು ಕೆಲಸಕ್ಕಿದ್ದದ್ದು ಸರ್ಕಾರದ ಸೊಳ್ಳೆ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಬಲೆ ಹೊದಿಸಿದ ಒಂದು ಪಂಜರವಿತ್ತು. ಅದರೊಳಗೆ ರೋಗವೆಂದರೇನೆಂದೇ ತಿಳಿಯದ ಒಂದು ಶುದ್ಧ ಸೊಳ್ಳೆಯ ವಂಶ ತಲೆಮಾರುಗಳಿಂದ ಬಾಳಿಕೊಂಡು ಬಂದಿತ್ತು. ಮರಿಗಳು ತಟ್ಟೆಯ ನೀರಲ್ಲಿ ಬಿಸ್ಕತ್ತಿನ ಪುಡಿ ತಿಂದು ಬೆಳೆಯುತ್ತವೆ, ಅವುಗಳದೇನೂ ತಕರಾರಿಲ್ಲ. ಮೊಟ್ಟೆಯಿಡುವ ಹೆಣ್ಣುಗಳಿಗೆ ಮಾತ್ರ ದಿನವೂ ರಕ್ತ ಬೇಕು. ಪಂಜರದ ಬಟ್ಟೆಯ ತೂತಿನಲ್ಲಿ ತೋಳು ತೂರಿಸಿ, ಪತ್ರಿಕೆ ಓದುತ್ತ ಕೂರುವುದು ತೋಳಪ್ಪನವರ ಕೆಲಸ.

ಮೊದಲು ಆ ಕೆಲಸಕ್ಕೆ ಮೊಲಗಳಿದ್ದವು. ಮೊಲಗಳಿಗೆ ಹಿಂಸೆಯಾಗುತ್ತದೆಂದು ಒಂದು ಸಮಿತಿ ಬಂತು, ಮೊಲಗಳಿಗೆ ಬಿಡುಗಡೆಯಾಯಿತು. ಮನುಷ್ಯರ ಬಗ್ಗೆ ವಿಚಾರಿಸಲು ಯಾವ ಸಮಿತಿಯೂ ಬರಲಿಲ್ಲ. ಆಮೇಲೆ ಯಂತ್ರವೊಂದನ್ನು ತರಿಸಿದರು. ಸೊಳ್ಳೆಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ತೋಳಪ್ಪನವರ ತೋಳೇ ಗತಿಯಾಯಿತು. ಸೊಳ್ಳೆಗೆ ಭಾನುವಾರ ಗೊತ್ತಿಲ್ಲವಾದ್ದರಿಂದ ಅವರಿಗೂ ಭಾನುವಾರವೆಂಬುದು ಇರಲಿಲ್ಲ. ಸಮುದ್ರದ ದಂಡೆಯಲ್ಲಿದ್ದ ನಾದಿನಿ, ಅಲ್ಲ, ಹೆಂಡತಿಯ ಅಕ್ಕನಾದ್ದರಿಂದ ಅತ್ತಿಗೆ ಎನ್ನಬೇಕು, ಆಕೆಯ ಮನೆಗೆ ಗಂಡ ಹೆಂಡತಿ ಜೊತೆಯಾಗಿ ಒಮ್ಮೆಯೂ ಹೋದವರಲ್ಲ. ಈಗ ನಾಳೆ ಭಾನುವಾರದ ಬೆಳಗಿನ ರೈಲಿಗೆ ಎರಡು ಟಿಕೆಟ್ ಆಗಿತ್ತು. ಹೆಂಡತಿ ಆ ಟಿಕೆಟ್ಟುಗಳನ್ನು ದಿನಕ್ಕೆರಡು ಸಲ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದರು. ತೋಳಪ್ಪನವರಿಗೂ ಒಳಗೊಳಗೇ ಅಷ್ಟೇ ಸಡಗರ.

ಹೊಸದಾಗಿ ಹೊಲಿಸಿದ ಪೂರ್ತಿ ತೋಳಿನ ಅಂಗಿ ತೊಟ್ಟು, ಎರಡೂ ಕೈಗಳಿಂದ ಘಮಘಮ ಎನ್ನುತ್ತ ಅವರು ಕಚೇರಿ ಹೊಕ್ಕರು.

ಬಾಗಿಲಲ್ಲೇ ನಿರ್ದೇಶಕರು ಎದುರಾದರು. "ತೋಳಪ್ಪನವ್ರೇ, ಸಿಹಿ ಸುದ್ದಿ! ಕೇಂದ್ರ ಕಚೇರಿಯಿಂದ ಫೋನ್ ಬಂದಿತ್ತು. ನಿಮ್ಮ ಮನವಿ ಪಾಸಾಯ್ತಂತೆ!"

ಮನವಿ ಎಂದರೆ ದೊಡ್ಡ ಕತೆ. ತೋಳಪ್ಪನವರು ನೌಕರರ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದಿದ್ದರಿಂದ ಅವರೇ ಆಗಿದ್ದರು. ಪ್ರತಿ ವರ್ಷ ಅವರು ಮೇಲಕ್ಕೆ ಒಂದು ಮನವಿ ಕಳಿಸುತ್ತಿದ್ದರು. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಸೊಳ್ಳೆಯ ಚಿತ್ರ ಬರೆಯುವವರಿಗೆ ಒಂದು ನಿವೃತ್ತಿ ವಯಸ್ಸು, ನಿಜವಾದ ಸೊಳ್ಳೆಯಿಂದ ಕಚ್ಚಿಸಿಕೊಳ್ಳುವವರಿಗೆ ಅದಕ್ಕಿಂತ ಕಡಿಮೆ, ಇದು ಯಾವ ನ್ಯಾಯ ಎಂದು ಅದರಲ್ಲಿ ಕೇಳಿರುತ್ತಿತ್ತು. ಭಾನುವಾರದ ರಜೆ, ನೌಕರರ ತೋಳಿನ ವಿಷಯ, ಇನ್ನೂ ಏನೇನೋ ಕೆಳಗೆ ಇರುತ್ತಿದ್ದವು. ಮೇಲಿನವರು ಯಾವತ್ತೂ ಸೊಪ್ಪು ಹಾಕಿರಲಿಲ್ಲ. ಮನವಿ ಮುಟ್ಟಿದೆ ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು.

"ಪಾಸಾಯ್ತು ಅಂದ್ರೆ?"

"ವಯಸ್ಸು ಎರಡು ವರ್ಷ ಜಾಸ್ತಿ ಮಾಡಿದಾರೆ. ಆದೇಶ ಸಾಯಂಕಾಲ ಕೈಗೆ ಬರುತ್ತೆ. ನಾಳೆಗೆ ಯಾರು ಕೆಲಸದಲ್ಲಿರ್ತಾರೋ ಅವರೆಲ್ಲ ಎರಡು ವರ್ಷ ಮುಂದುವರಿಯೋದೇ. ಬೇಡ ಅನ್ನೋ ಹಾಗಿಲ್ಲ!"

ಮನವಿ ಬರೆಯುವಾಗ ತೋಳಪ್ಪನವರಿಗಿದ್ದ ಹುಮ್ಮಸ್ಸೇ ಬೇರೆ, ಈಗ ಮನೆಯಲ್ಲಿರುವ ಟಿಕೆಟ್ಟೇ ಬೇರೆ. ಇನ್ನೂ ಎರಡು ವರ್ಷದ ಭಾನುವಾರಗಳು ಪಂಜರದೊಳಗೆ ಹೋಗುವುದನ್ನು ನೆನೆಸಿಕೊಂಡೇ ಅವರ ತೋಳು ತುರಿಸತೊಡಗಿತು.

"ಸಾರ್, ಇವತ್ತು ಐದು ಗಂಟೆಗೆ ನನ್ನನ್ನ ಬಿಡುಗಡೆ ಮಾಡಿಬಿಟ್ರೆ?"

"ಮಾಡಿದ್ರೆ ನೀವು ನಿವೃತ್ತರು. ಅಯ್ಯೋ, ಬಂದ ಭಾಗ್ಯ ಯಾಕ್ರೀ ಒದೀತೀರಾ?"

"ರೈಲಿದೆ ಸಾರ್, ನಾಳೆ," ಎಂದಷ್ಟೇ ಹೇಳಿ ತೋಳಪ್ಪನವರು ಹೆಡ್ ಕ್ಲರ್ಕ್ ಕೋಣೆಗೆ ಓಡಿದರು.

ಹೆಡ್ ಕ್ಲರ್ಕ್ ನಿಯಮದ ಮನುಷ್ಯ. ತುರಿಕೆಯಾದರೂ ನಿಯಮ ನೋಡಿಕೊಂಡೇ ಕೆರೆದುಕೊಳ್ಳುವವರು. "ಬಿಡುಗಡೆ ಮಾಡೋಣ. ಅದಕ್ಕೇನಂತೆ? ಸೊಳ್ಳೆ ಒಪ್ಪಿಸಿ."

"ಪಂಜರ ಅಲ್ಲೇ ಇದೆಯಲ್ಲ."

"ಪಂಜರ ಇದ್ರೆ ಆಯ್ತಾ? ಒಪ್ಪಿಸುವವರು ನನ್ನ ಕಣ್ಣೆದುರು ರಕ್ತ ಕುಡಿಸಿ ತೋರಿಸ್ಬೇಕು. ಹೊಟ್ಟೆ ಕೆಂಪಗಾಗಿದ್ದನ್ನ ನಾನು ಭೂತಗನ್ನಡಿ ಹಿಡಿದು ನೋಡ್ಬೇಕು. ಹಿಂದೆ ಮೊಲಗಳಿದ್ದ ಕಾಲಕ್ಕೆ ನಿಮ್ಮ ಜಾಗದಲ್ಲಿದ್ದವರು ಸತ್ತ ಸೊಳ್ಳೆಗಳನ್ನ ಒಪ್ಪಿಸಿ, ನಿದ್ದೆ ಮಾಡ್ತಿವೆ ಅಂತ ಹೇಳಿ ಹೋದ್ರು. ಆಗಿನಿಂದ ಈ ಪದ್ಧತಿ."

ಅಷ್ಟೇ ತಾನೆ ಎಂದುಕೊಂಡು ತೋಳಪ್ಪನವರು ಸೊಳ್ಳೆ ಕೋಣೆಗೆ ಹೋದರು. ಅಲ್ಲಿ ಅವರ ಜಾಗಕ್ಕೆ ಬರಲಿದ್ದ ಕಿರಿಯ ಸಹಾಯಕಿ ಸೊಳ್ಳೆಗಳಿಗೆ ತಂಪಾಗಿರಲೆಂದು ಪಂಜರದ ಮೇಲೆ ಒದ್ದೆ ಟವೆಲ್ ಹಾಸುತ್ತಿದ್ದಳು. ಆಕೆಗೆ ಒಂದು ಸೊಳ್ಳೆ ಕಚ್ಚಿದರೂ ತೋಳು ಸೋರೆಕಾಯಿಯ ಹಾಗೆ ಊದಿಕೊಳ್ಳುತ್ತಿತ್ತು. ನಾಳೆಯನ್ನು ನೆನೆಸಿಕೊಂಡು ಬೆಳಗಿನಿಂದಲೇ ಮುಖ ಸಣ್ಣದು ಮಾಡಿಕೊಂಡಿದ್ದಳು.

ತೋಳಪ್ಪನವರು ತೋಳು ತೂರಿಸಿದರು. ದಿನವೂ ಮುಗಿಬೀಳುತ್ತಿದ್ದ ಸೊಳ್ಳೆಗಳು ಈ ದಿನ ಒಮ್ಮೆಲೇ ಹಾರಿ ಪಂಜರದ ಆಚೆ ಮೂಲೆಗೆ ಒತ್ತಿಕೊಂಡು ಕೂತವು.

"ಏನಾಯ್ತು ಇವಕ್ಕೆ?" ಎಂದರು ಹೆಡ್ ಕ್ಲರ್ಕ್.

ಸಹಾಯಕಿ ಮೂಗರಳಿಸಿದಳು. "ಸಾರ್, ಏನು ಹಚ್ಕೊಂಡಿದೀರಾ? ಇಷ್ಟು ಘಮ್ ಅಂತಿದೆ!"

ತೋಳಪ್ಪನವರಿಗೆ ಆಗ ಜ್ಞಾನೋದಯವಾಯಿತು. ಸೋಪು, ಎಣ್ಣೆ, ಮುಲಾಮು, ಯಾವುದನ್ನೂ ತೋಳಿಗೆ ತಾಕಿಸಬಾರದೆಂದು ಆ ಕೋಣೆಯ ಗೋಡೆಯ ಮೇಲೆ ಬರೆದು ತೂಗುಹಾಕಿದವರು ಅವರೇ.

ತೊಳೆಯುವ ಪ್ರಯತ್ನ ಶುರುವಾಯಿತು. ಬರಿ ನೀರಿಗೆ ಮುಲಾಮು ಜಗ್ಗಲಿಲ್ಲ. ಸೋಪು ಹಾಕಿ ತಿಕ್ಕಿದರೆ ಮುಲಾಮಿನ ವಾಸನೆಯ ಜೊತೆ ಸೋಪಿನ ವಾಸನೆಯೂ ಸೇರಿತು. ತೋಟದ ಮಾಲಿ ಹೇಳಿದನೆಂದು ಮಣ್ಣು ಮೆತ್ತಿಕೊಂಡರು. ಬೆವರಿನ ವಾಸನೆಗೆ ಸೊಳ್ಳೆ ಬಂದೇ ಬರುತ್ತದೆಂದು ಸಹಾಯಕಿ ನೆನಪಿಸಿದ ಮೇಲೆ, ಹೊಸ ಅಂಗಿ ತೊಟ್ಟ ತೋಳಪ್ಪನವರು ಕಟ್ಟಡದ ಸುತ್ತ ಓಡತೊಡಗಿದರು. ಕಿಟಕಿಗಳಲ್ಲಿ ಸಹೋದ್ಯೋಗಿಗಳ ತಲೆಗಳು ಕಾಣಿಸಿಕೊಂಡವು. ಎರಡು ವರ್ಷ ಜಾಸ್ತಿ ಸಿಕ್ಕ ಖುಷಿಗೆ ಹೀಗೆ ಓಡುತ್ತಿದ್ದಾರೆಂದು ಯಾರೋ ಹೇಳಿ, ಎಲ್ಲರೂ ಚಪ್ಪಾಳೆ ತಟ್ಟಿದರು.

ಏದುಸಿರು ಬಿಡುತ್ತ ಮತ್ತೆ ತೋಳು ತೂರಿಸಿದರು. ಸೊಳ್ಳೆಗಳು ಮೂಲೆ ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಕಳೆದು ಬೀಳ್ಕೊಡುಗೆಯ ಹೊತ್ತಾಯಿತು. ಹೆಂಡತಿ ಬಂದರು, ಅವರ ಹಿಂದೆ ಕರೆಯದಿದ್ದರೂ ಔಷಧದಂಗಡಿಯವರು ಬಂದರು. ವಿಷಯ ತಿಳಿದು ಅಂಗಡಿಯವರಿಗೆ ಹೆಮ್ಮೆಯಾಯಿತು.

"ನೋಡಿದ್ರಾ ನನ್ನ ಮುಲಾಮು! ಸೊಳ್ಳೆ ಸಂಶೋಧನಾ ಕೇಂದ್ರದಲ್ಲೇ ಪರೀಕ್ಷೆ ಆಯ್ತು. ನಾಳೆ ಬೆಳಗಿನ ತನಕ ಏನ್ಮಾಡಿದ್ರೂ ಹೋಗಲ್ಲ!"

"ನಾಳೆ ಬೆಳಗಿನ ತನಕವೇ!" ತೋಳಪ್ಪನವರು ಸ್ಟೂಲಿನ ಮೇಲೆ ಕುಸಿದರು.

ಹೆಂಡತಿ ಟಿಕೆಟ್ಟಿದ್ದ ಕೈಚೀಲವನ್ನು ಎದೆಗವಚಿಕೊಂಡು ಸುಮ್ಮನೆ ನಿಂತರು. ಬೈದಿದ್ದರೆ ತೋಳಪ್ಪನವರು ತಡೆದುಕೊಳ್ಳುತ್ತಿದ್ದರು, ಸುಮ್ಮನಿದ್ದದ್ದನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣಿಗೆ ತಮ್ಮ ಕಾಲು ಕಂಡಿತು. ಕಾಲಿಗೆ ಯಾರೂ ಮುಲಾಮು ಹಚ್ಚಿರಲಿಲ್ಲ.

"ಕಾಲು!" ಎಂದು ಕೂಗಿ ಅವರು ಶೂ ಕಿತ್ತೆಸೆದರು.

"ತಡೀರಿ, ನಿಯಮದಲ್ಲಿ ತೋಳು ಅಂತಿದೆ," ಎಂದು ಹೆಡ್ ಕ್ಲರ್ಕ್ ಅಡ್ಡ ಬಂದರು.

ಸಹಾಯಕಿ ನಿರ್ದೇಶಕರನ್ನು ಕರೆತಂದಳು. ನಿರ್ದೇಶಕರು ಗಡಿಯಾರ ನೋಡಿದರು, ಹೆಂಡತಿಯ ಕೈಚೀಲ ನೋಡಿದರು, ನಿಟ್ಟುಸಿರಿಟ್ಟರು. "ರಕ್ತ ಒಂದೇ ಅಲ್ವೇನ್ರೀ? ಹಾಕ್ಲಿ ಬಿಡಿ."

ಬೀಳ್ಕೊಡುಗೆ ಸಮಾರಂಭವನ್ನು ಸೊಳ್ಳೆ ಕೋಣೆಗೇ ತರಬೇಕಾಯಿತು. ತೋಳಪ್ಪನವರು ಪ್ಯಾಂಟು ಮಡಿಸಿ, ಒಂದು ಕಾಲು ಪಂಜರದೊಳಗೆ, ಒಂದು ಕಾಲು ಹೊರಗೆ ಇಟ್ಟು ಸ್ಟೂಲಿನ ಮೇಲೆ ಕೂತರು. ಕೈಗೆ ಹೂಗುಚ್ಛ ಕೊಟ್ಟರು. ಹೊಸ ರುಚಿ ಕಂಡ ಸೊಳ್ಳೆಗಳು ಪಾದಕ್ಕೆ ಮುತ್ತಿದವು. ನಿರ್ದೇಶಕರು, "ಇವರು ಈ ಸಂಸ್ಥೆಗೆ ರಕ್ತವನ್ನೇ ಧಾರೆಯೆರೆದವರು," ಎಂದು ಭಾಷಣ ಶುರುಮಾಡಿದರು. ಕಚಗುಳಿ ತಡೆಯಲಾರದೆ ತೋಳಪ್ಪನವರು ಕಿಸಕ್ಕೆಂದು ನಕ್ಕರು. ಫೋಟೊದವನು ಅದೇ ಕ್ಷಣಕ್ಕೆ ಗುಂಡಿ ಒತ್ತಿದ.

ಹೆಡ್ ಕ್ಲರ್ಕ್ ಭೂತಗನ್ನಡಿ ಹಿಡಿದು ಒಂದೊಂದೇ ಹೊಟ್ಟೆ ನೋಡಿದರು. ಎಲ್ಲವೂ ದಾಳಿಂಬೆ ಕಾಳಿನ ಹಾಗೆ ಕೆಂಪಗಿದ್ದವು. ಗೋಡೆಯ ಗಡಿಯಾರ ಐದು ಹೊಡೆಯುವಾಗ ಅವರು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು.

"ಆಯ್ತು. ಈ ಕ್ಷಣದಿಂದ ನೀವು ನೌಕರರಲ್ಲ."

ಹೆಂಡತಿಯ ಮುಖ ಅರಳಿತು. ತೋಳಪ್ಪನವರು ಕಾಲು ಹೊರಗೆಳೆದುಕೊಂಡು ಹಾಯಾಗಿ ಕೆರೆದುಕೊಂಡರು. ಅಷ್ಟು ಸುಖವಾಗಿ ಅವರು ಯಾವತ್ತೂ ಕೆರೆದುಕೊಂಡಿರಲಿಲ್ಲ.

ಎಲ್ಲರೂ ಚಹಾ ಕುಡಿಯುತ್ತಿರುವಾಗ ಆದೇಶ ಬಂತು. ನಿರ್ದೇಶಕರು ಕನ್ನಡಕ ಏರಿಸಿ ಓದಿದರು.

"ವಯಸ್ಸು ಎರಡು ವರ್ಷ ಏರಿಸಿದೆ, ಸರಿ. ಓಹೋ, ಭಾನುವಾರ ಕಡ್ಡಾಯ ರಜೆ! ತೋಳಪ್ಪನವ್ರೇ, ನೀವು ಕೇಳಿದ್ದೆಲ್ಲ ಕೊಟ್ಟಿದಾರಲ್ರೀ! ಇನ್ನೂ ಇದೆ. 'ನಾಳೆಯಿಂದ ಕೇಂದ್ರದ ಯಾವ ನೌಕರರೂ ತಮ್ಮ ತೋಳನ್ನಾಗಲಿ, ದೇಹದ ಬೇರಾವ ಭಾಗವನ್ನಾಗಲಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳತಕ್ಕದ್ದಲ್ಲ.'"

ಸಹಾಯಕಿ ಸಂತೋಷದಿಂದ ಕುಣಿದೇ ಬಿಟ್ಟಳು. ತೋಳಪ್ಪನವರು ಚಹಾದ ಲೋಟ ಹಿಡಿದು ಹುಳ್ಳಗೆ ನಕ್ಕರು. ಕಚ್ಚಿಸಿಕೊಳ್ಳದ ಎರಡು ವರ್ಷ, ಅಷ್ಟೂ ಭಾನುವಾರ ರಜೆ, ಎಲ್ಲ ಅವರೇ ಬೇಡಿ ತಂದದ್ದು. ಆ ಕಾಲೊಂದು ಪಂಜರದೊಳಗೆ ಹೋಗದಿದ್ದರೆ ಎಲ್ಲ ಅವರದೇ ಆಗುತ್ತಿತ್ತು. ಆದರೂ ಹೆಂಡತಿಯ ಕೈಚೀಲದ ಕಡೆ ನೋಡಿ, ಹೋಗಲಿ ಬಿಡು ಎಂದುಕೊಂಡರು.

ಅಷ್ಟರಲ್ಲಿ ನಿರ್ದೇಶಕರ ಮುಖ ಇಳಿದುಹೋಯಿತು. "ಹಾಗಾದ್ರೆ ನಾಳೆ ಇವಕ್ಕೆ ಯಾರ್ರೀ ರಕ್ತ ಕೊಡ್ತಾರೆ? ನಾನು ನೌಕರ. ಇವಳು ನೌಕರಳು. ಯಂತ್ರ ಇವಕ್ಕೆ ಆಗಲ್ಲ. ಈ ವಂಶವೇ ನಿಂತುಹೋಗುತ್ತಲ್ಲ!"

"ನೌಕರರಲ್ಲದವರು ಯಾರಾದ್ರೂ ಕೊಡ್ಬಹುದು. ಅದಕ್ಕೆ ನಿಯಮದ ಅಡ್ಡಿಯಿಲ್ಲ," ಎಂದರು ಹೆಡ್ ಕ್ಲರ್ಕ್.

ಅಲ್ಲಿ ನೌಕರರಲ್ಲದವರು ಕೆಲವರೇ ಇದ್ದರು. ಫೋಟೊದವನು ಆಗಲೇ ಹೋಗಿಯಾಗಿತ್ತು. ಔಷಧದಂಗಡಿಯವರು, "ಅಂಗಡೀಲಿ ಯಾರೂ ಇಲ್ಲ," ಎನ್ನುತ್ತ ಬಿಸ್ಕತ್ತನ್ನೂ ಬಿಟ್ಟು ಕಾಲ್ತೆಗೆದರು. ಉಳಿದವರ ಕಣ್ಣುಗಳೆಲ್ಲ ನಿಧಾನವಾಗಿ ತೋಳಪ್ಪನವರ ಮೇಲೆ ಬಂದು ನಿಂತವು.

ತೋಳಪ್ಪನವರು ಯಾರನ್ನೂ ನೋಡಲಿಲ್ಲ. ಪಂಜರ ನೋಡಿದರು. ಹೊಟ್ಟೆ ತುಂಬಿದ ಸೊಳ್ಳೆಗಳು ಬಲೆಗೆ ಅಂಟಿಕೊಂಡು ನೆಮ್ಮದಿಯಾಗಿ ತೂಕಡಿಸುತ್ತಿದ್ದವು. ಅವುಗಳ ಅಜ್ಜಿಯ ಅಜ್ಜಿಯರನ್ನೆಲ್ಲ ಅವರು ಸಾಕಿದ್ದರು. ಜಾರಿದ್ದ ಒದ್ದೆ ಟವೆಲನ್ನು ಮೆಲ್ಲಗೆ ಸರಿಪಡಿಸಿದರು.

ಅವರ ಹೆಂಡತಿ ಗಂಡನನ್ನು ನೋಡಿದರು, ಪಂಜರವನ್ನು ನೋಡಿದರು. ಆಮೇಲೆ ಹೆಡ್ ಕ್ಲರ್ಕ್ ಕಡೆ ತಿರುಗಿದರು.

"ಈ ಪಂಜರಾನ ರೈಲಲ್ಲಿ ತಗೊಂಡು ಹೋಗ್ಬಹುದಾ?"

"ಕೇಂದ್ರದ ಸೊಳ್ಳೆನ ನೌಕರರು ಹೊರಗೆ ಒಯ್ಯೋ ಹಾಗಿಲ್ಲಮ್ಮಾ," ಎಂದ ಹೆಡ್ ಕ್ಲರ್ಕ್ ಸ್ವಲ್ಪ ತಡೆದು, "ನೌಕರರು," ಎಂದು ಒತ್ತಿ ಹೇಳಿದರು. ಅವರು ನಕ್ಕದ್ದನ್ನು ಆ ಕಚೇರಿ ಅಂದೇ ಮೊದಲು ಕಂಡಿತು.

ಭಾನುವಾರ ಬೆಳಿಗ್ಗೆ ರೈಲು ಹೊರಟಾಗ ಕಿಟಕಿಯ ಪಕ್ಕದಲ್ಲಿ ಹೆಂಡತಿ ಕೂತಿದ್ದರು. ತೋಳಪ್ಪನವರ ತೊಡೆಯ ಮೇಲೆ ಒದ್ದೆ ಟವೆಲ್ ಸುತ್ತಿದ ಪಂಜರವಿತ್ತು. ಬೋಗಿಯ ತುಂಬ ಜನ. ಎದುರು ಸೀಟಿನವರು ಬಗ್ಗಿ ನೋಡಿದರು.

"ಏನ್ ಸಾರ್, ಗುಬ್ಬಿನಾ?"

"ಸೊಳ್ಳೆ," ಎಂದರು ತೋಳಪ್ಪನವರು ವಿನಯದಿಂದ.

ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಆ ಸಾಲಿನ ಸೀಟುಗಳೆಲ್ಲ ಖಾಲಿಯಾಗಿದ್ದವು. ಹೆಂಡತಿ ಕಾಲು ಚಾಚಿ ಕೂತು, ಓಡುವ ಮರಗಳನ್ನು ನೋಡುತ್ತ, "ಎಷ್ಟು ಚೆನ್ನಾಗಿದೆ ಅಲ್ವಾ ರೀ?" ಎಂದರು. ನಿಜಕ್ಕೂ ಚೆನ್ನಾಗಿತ್ತು. ತೋಳಪ್ಪನವರು ಗಡಿಯಾರ ನೋಡಿದರು. ಸೊಳ್ಳೆಗಳ ಊಟದ ಹೊತ್ತಾಗಿತ್ತು. ಅಂಗಿಯ ತೋಳು ಮಡಿಸಲು ಹೋದಾಗ ಹೆಂಡತಿ ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಬೆಳಿಗ್ಗೆ ನೀವು ನಿದ್ದೆಗಣ್ಣಲ್ಲಿದ್ದಾಗ ಅಕ್ಕನ ಮನೆಗೆ ಹೋಗ್ತೀವಲ್ಲ ಅಂತ ಇನ್ನೊಂದು ಸಲ ಹಚ್ಚಿಬಿಟ್ಟೆ, ರೀ."

ತೋಳಪ್ಪನವರು ಬಗ್ಗಿ ಶೂ ಬಿಚ್ಚತೊಡಗಿದರು.