ಶಾಂತವಾದ ಶುಕ್ರವಾರ

ವೆಂಡೆಲ್ ಬಾರ್ಟ್ಕೊ ಆ ಮಾತು ಆಡಬಾರದಿತ್ತು. ಅಮೆರಿಕದ ಬಫಲೋ ನಗರದ ಆ ಆಸ್ಪತ್ರೆಯಲ್ಲಿ ರೋಗಿಗೆ ಬೈದವನಿಗೂ ಕ್ಷಮೆ ಉಂಟು, "ಇವತ್ತು ಶಾಂತವಾಗಿದೆ" ಎಂದವನಿಗೆ ಇಲ್ಲ. ಹಾಗೆಂದ ದಿನ ಊರಿನ ರೋಗವೆಲ್ಲ ಬಾಗಿಲಿಗೆ ಬರುತ್ತದೆಂದು ತಲೆ ನರೆತ ಸರ್ಜನ್‌ಗಳೂ ನಂಬಿದ್ದರು.

ಆದರೆ ಆ ಬೆಳಿಗ್ಗೆ ಅವನ ಕಾಲು ನೆಲದ ಮೇಲಿರಲಿಲ್ಲ. ಸರ್ಜರಿ ತರಬೇತಿಯಲ್ಲಿ ಅವನದು ವರ್ಷದ ಮಟ್ಟಿನ ತಾತ್ಕಾಲಿಕ ಸೀಟು. ಮದುವೆಮನೆಯ ಬಾಡಿಗೆ ಕುರ್ಚಿಯ ಹಾಗೆ: ಎಲ್ಲರಿಗೂ ಬೇಕು, ಊಟವಾದ ಮೇಲೆ ಯಾರೂ ಒಳಗಿಟ್ಟುಕೊಳ್ಳುವುದಿಲ್ಲ. ಅವನ ಎರಡನೇ ವರ್ಷವೂ ಜೂನ್‌ಗೆ ಮುಗಿಯುತ್ತಿತ್ತು. ಖಾಯಂ ಸೀಟು ಸಿಗದಿದ್ದರೆ ಸರ್ಜನ್ ಆಗುವ ಆಸೆಗೆ ಎಳ್ಳುನೀರು ಬಿಡಬೇಕು. ಹೀಗಿರುವಾಗ ಖಾಯಂ ಸೀಟಿನ ಪ್ರೆಸ್ಕಾಟ್ ಹಿಂದಿನ ದಿನ ಅವನ ಕಿವಿಯಲ್ಲಿ ಉಸುರಿದ್ದ.

"ಎರಡು ವರ್ಷದಿಂದ ಆಪರೇಷನ್ನಲ್ಲಿ ರೋಗಿ ಹೊಟ್ಟೆ ಅಗಲಿಸಿ ಹಿಡ್ಕೊಂಡು ನಿಂತಿದ್ದೇ ಬಂತು ಮಾರಾಯ. ಚಾಕು ಕೈಗೇ ಕೊಡಲ್ಲ. ನಾಳೆ ಸಂಜೆ ರಾಜೀನಾಮೆ ಬಿಸಾಕ್ತೀನಿ. ಸೀಟು ನಿಂಗೇ ಕೊಡ್ತಾರಂತೆ."

ಕಿವಿಯಲ್ಲಿ ಹೇಳಿದ್ದು ರಾತ್ರಿಯೊಳಗೆ ವಾರ್ಡಿಗೆಲ್ಲ ಗೊತ್ತಾಗಿತ್ತು. ಹಿರಿಯ ನರ್ಸ್ ಲೊರೆಟ್ಟಾ ವೆಂಡೆಲ್‌ನ ಹೆಸರಿರುವ ಕೇಕ್ ತಂದು ಫ್ರಿಜ್ಜಿನಲ್ಲಿಟ್ಟಿದ್ದಳು. ಅದನ್ನು ಕಂಡ ಸಂತೋಷಕ್ಕೆ ವೆಂಡೆಲ್ ಮೈಮುರಿದು, "ಇವತ್ತು ಎಷ್ಟು ಶಾಂತವಾಗಿದೆ ಅಲ್ವಾ?" ಎಂದುಬಿಟ್ಟ.

ಲೊರೆಟ್ಟಾಳ ಕಾಫಿ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ನಡುವೆ ನಿಂತಿತು.

"ಏನಂದ್ರಿ ಡಾಕ್ಟ್ರೇ?"

"ಏನೂ ಅನ್ಲಿಲ್ಲ."

"ಅಂದ್ರಿ. ಅದೂ ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರ, ಊರೋರೆಲ್ಲ ಮಾಂಸ ಬಿಟ್ಟು ಚರ್ಚಲ್ಲಿ ಕರಿದ ಮೀನು ತಿನ್ನೋ ದಿನ. ಅಂದೋರೇ ಕೆಳಗೆ ಹೋಗಿ ಅನುಭವಿಸಿ."

ಹೀಗೆ ಆಪರೇಷನ್ ಥಿಯೇಟರಿನಲ್ಲಿ ಇರಬೇಕಾದ ವೆಂಡೆಲ್ ತುರ್ತು ವಿಭಾಗದ ಪಾಲಾದ. ವಿಭಾಗದ ಮುಖ್ಯಸ್ಥೆ ಹ್ಯಾಲೊರನ್ ಅವರ ಥಿಯೇಟರಿಗೆ ಅವನ ಬದಲು ಪ್ರೆಸ್ಕಾಟ್ ಹೋದ.

ಮಧ್ಯಾಹ್ನಕ್ಕೆ ಮೀನು ತನ್ನ ಕೆಲಸ ಶುರುಮಾಡಿತು. ಪಿತ್ತಕೋಶದಲ್ಲಿ ಕಲ್ಲಿದ್ದವರೆಲ್ಲ ಕರಿದ ಎಣ್ಣೆ ತಾಳದೆ ಹೊಟ್ಟೆ ಹಿಡಿದುಕೊಂಡು ಬಂದರು. ಅವರ ಹಿಂದೆ ಅಪೆಂಡಿಕ್ಸ್‌ನವರು, ಅವರ ಹಿಂದೆ ಹರ್ನಿಯಾದವರು.

"ಎರಡೇ ತುಂಡು ಮೀನು ತಿಂದಿದ್ದು ಡಾಕ್ಟ್ರೇ," ಎಂದ ಒಬ್ಬ ಮುದುಕ.

"ಹೌದೌದು, ಸಲಕ್ಕೆ ಎರಡು," ಎಂದಳು ಅವನ ಹೆಂಡತಿ. ಮುದುಕ ಉತ್ತರ ಕೊಡುವ ಬದಲು ವೆಂಡೆಲ್‌ನ ಅಂಗಿಯ ಮೇಲೆ ವಾಂತಿ ಮಾಡಿದ.

ವೆಂಡೆಲ್‌ಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಕೆಲಸ ಹೆಚ್ಚಿದಷ್ಟೂ ಪ್ರೆಸ್ಕಾಟ್‌ನ ಬೇಸರ ಹೆಚ್ಚುತ್ತದೆ, ರಾಜೀನಾಮೆ ಗಟ್ಟಿಯಾಗುತ್ತದೆ. ಹಾಗಾಗಿ ಉತ್ಸಾಹದಿಂದಲೇ ಫೋನು ಮಾಡುತ್ತಿದ್ದ.

"ಪ್ರೆಸ್ಕಾಟ್, ಇನ್ನೊಂದು ಪಿತ್ತಕೋಶ ಬರ್ತಿದೆ."

"ಕಳ್ಸು, ಕಳ್ಸು," ಎಂದು ಆ ಕಡೆಯಿಂದ ಏದುಸಿರು ಕೇಳುತ್ತಿತ್ತು. ಪಾಪ, ಸೋತುಹೋಗಿದ್ದಾನೆ ಎಂದುಕೊಂಡ ವೆಂಡೆಲ್.

ಸಂಜೆ ಮೀನಿನ ವಾಸನೆ ಹೊತ್ತು ಅವನು ಮೇಲೆ ಬಂದಾಗ ಪ್ರೆಸ್ಕಾಟ್ ಓಡಿಬಂದು ತಬ್ಬಿಕೊಂಡ. ಮುಖ ಮದುಮಗನಂತೆ ಹೊಳೆಯುತ್ತಿತ್ತು.

"ಕೈ ಸಾಲ್ದೆ ಹ್ಯಾಲೊರನ್ ಮೇಡಂ ನಂಗೇ ಚಾಕು ಕೊಟ್ರು ಕಣೋ. ಮೊದಲಿಂದ ಕೊನೇವರೆಗೂ ನಾನೇ ಮಾಡ್ದೆ. ಇಂಥ ಕೆಲಸ ಬಿಟ್ಟು ಎಲ್ಲಿಗೆ ಹೋಗ್ಲಿ? ರಾಜೀನಾಮೆ ಹರಿದು ಬಿಸಾಕ್ದೆ. ಎಲ್ಲಾ ನಿನ್ನ ಬಾಯಿಂದ."

ವೆಂಡೆಲ್‌ಗೆ ನಿಂತ ನೆಲವೇ ಕುಸಿದಂತಾಯಿತು. ಪಾಪಿ ಸಮುದ್ರ ಹೊಕ್ಕರೂ ಮೊಣಕಾಲುದ್ದ ನೀರು ಎಂಬುದು ಸುಳ್ಳಲ್ಲ. ಇವನಂತೂ ಆ ನೀರನ್ನೂ ಕೈಯಾರೆ ಪ್ರೆಸ್ಕಾಟ್‌ನ ಮನೆಗೆ ಹೊತ್ತುಹಾಕಿದ್ದ.

ಅಷ್ಟರಲ್ಲಿ ಹ್ಯಾಲೊರನ್ ಥಿಯೇಟರಿನಿಂದ ಹೊರಬಂದರು. "ವೆಂಡೆಲ್, ನಿನ್ನಂಥೋನು ನಮಗೆ ಬೇಕು. ಜೂನ್ ಆದ್ಮೇಲೂ ಇಲ್ಲೇ ಇರು."

ಹೋದ ಜೀವ ಬಂದಂತಾಯಿತು. "ಖಾಯಂ ಸೀಟಿಗಾ ಮೇಡಂ?"

"ಇಲ್ಲಪ್ಪ, ತಾತ್ಕಾಲಿಕ. ಕೆಳಗೆ ತುರ್ತು ವಿಭಾಗದಲ್ಲೇ. ವಾರಕ್ಕೊಂದ್ಸಲ ಬೆಳಿಗ್ಗೆ ಬಂದು ಆ ಮಾತು ಅಂದ್ಬಿಡು. ನಮ್ಮ ಖಾಯಂ ಹುಡುಗರ ಕೈ ಚೆನ್ನಾಗಿ ಪಳಗುತ್ತೆ."

ವೆಂಡೆಲ್ ದಂಗಾಗಿ ಬಾಯಿ ತೆರೆದ. ಕಾದು ನಿಂತಿದ್ದ ಲೊರೆಟ್ಟಾ ತಟ್ಟನೆ ಕೇಕಿನ ದೊಡ್ಡ ತುಂಡೊಂದನ್ನು ಅದರೊಳಗೆ ತುರುಕಿದಳು.

"ನನ್ನ ಡ್ಯೂಟಿ ಮುಗಿಯೋವರೆಗೂ ಜಗೀತಾ ಇರಿ ಡಾಕ್ಟ್ರೇ."