ನಾನು ಲೇಬಲ್ಲು ಬರೆಯಲು ಕಲಿತದ್ದು

ಚಿತ್ರ ಬರೆಯುವವನಿಗೆ ಸಲಹೆ ಕೊಡದ ಮನುಷ್ಯ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಸೂಜಿ ಎಲ್ಲಿ ಚುಚ್ಚಬೇಕೆಂದು ಡಾಕ್ಟರಿಗೆ ಯಾರೂ ಹೇಳುವುದಿಲ್ಲ. ಹೂವು ಎಲ್ಲಿ ಹಾಕಬೇಕೆಂದು ನನಗೆ ಹೇಳುತ್ತಾರೆ. ಹೋದ ವಾರವೂ ಒಬ್ಬರು ಹೇಳಿದರು. ಕಲಿಯುವ ಕಾಲದಿಂದಲೂ ಹೀಗೇ.

೧. ಅಕ್ಷರಾಭ್ಯಾಸ

ಐವತ್ತರ ದಶಕದ ಮಾತು. ನಮ್ಮದು ಹಳ್ಳಿ, ಹೊಲದ ಮನೆ. ಮೈಸೂರಿನಲ್ಲಿ ಮಂಡಿ ಮೊಹಲ್ಲಾದ ಸೋದರಮಾವನ ಮನೆಯಲ್ಲಿದ್ದು ಕಮರ್ಷಿಯಲ್ ಆರ್ಟ್ ಕಲಿಯುತ್ತಿದ್ದೆ. ಅಂದರೆ ಲೇಬಲ್ಲು, ಪೋಸ್ಟರು, ಜಾಹೀರಾತು ಬರೆಯುವ ವಿದ್ಯೆ. ಮಾವನದು ಬೆಲ್ಲದ ವ್ಯಾಪಾರ. ಅವರ ಕರಾರು ಸರಳ. ಪಾಸಾದರೆ ಚಿತ್ರ, ಫೇಲಾದರೆ ತಕ್ಕಡಿ. ಎರಡನೇ ಸಲ ಪರೀಕ್ಷೆಗೆ ಕೂರುವ ಮಾತಿಲ್ಲ. ನನಗೋ, ಚಿತ್ರ ಬಿಟ್ಟರೆ ಇನ್ನೇನೂ ಬೇಕಿರಲಿಲ್ಲ.

ನಮ್ಮ ಮೇಷ್ಟ್ರು ಮೊದಲು ಕಲಿಸಿದ್ದು ಅಕ್ಷರ. ಅದರ ಹೊಟ್ಟೆ ಎಷ್ಟು ದುಂಡಗಿರಬೇಕು, ಬಾಲ ಎಲ್ಲಿ ನಿಲ್ಲಬೇಕು, ಇಂಥವು. ಸಂಜೆ ಜಗಲಿಯಲ್ಲಿ ಕೂತು ಅದನ್ನೇ ತಿದ್ದುತ್ತಿದ್ದೆ. ಮಾವ ಬಂದು ನಿಂತರು.

"ಏನ್ಲಾ ಅದು?"

"'ಅ', ಮಾವ."

"ನೆನ್ನೆ ಏನ್ ಬರ್ದೆ?"

"'ಅ'."

"ನಾಳೀಕೆ?"

"'ಅ'ನೇ. ಇನ್ನೂ ಸರಿಯಾಗಿ ಬಂದಿಲ್ಲ."

ಮಾವ ಒಳಗೆ ತಿರುಗಿ ಅತ್ತೆಯನ್ನು ಕೂಗಿದರು. "ಕೇಳ್ದೇನೇ? ನಮ್ಮೂರ ಇಸ್ಕೂಲಲ್ಲಿ ಇವನ್ನ ಒಂದ್ನೇ ಕ್ಲಾಸು ಸುಮ್ನೆ ಪಾಸ್ ಮಾಡ್ಬುಟ್ಟವ್ರೆ ಕಣೇ!"

೨. ತೂಕ

ಮೇಷ್ಟ್ರು ತೂಕದ ಪಾಠ ಮಾಡಿದರು. ಹಾಳೆಗೂ ತಕ್ಕಡಿಯಂತೆ ಎಡ ಬಲ ಉಂಟು. ಎರಡೂ ಕಡೆ ಒಂದೇ ಇರಬೇಕಿಲ್ಲ. ಎಡಕ್ಕೆ ದೊಡ್ಡದೊಂದು ತಿಳಿಬಣ್ಣದ ಆಕಾರ ಇಟ್ಟರೆ ಬಲಕ್ಕೆ ಸಣ್ಣದೊಂದು ಕಪ್ಪು ಆಕಾರ ಸಾಕು. ಕಣ್ಣಿಗೆ ತೂಕ ಸರಿಹೋಗುತ್ತದೆ.

ತೂಕ ಮಾಡಿಯೇ ಬದುಕಿದವರು, ಮೆಚ್ಚುತ್ತಾರೆ ಎಂದುಕೊಂಡು ಭಾನುವಾರ ಅಂಗಡಿಯಲ್ಲಿ ಮಾವನಿಗೆ ಇದನ್ನು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ದೊಡ್ಡದೊಂದು ಬಿಳೀ ಬೆಲ್ಲದುಂಡೆ ಒಂದು ತಟ್ಟೆಗೆ ಹಾಕಿದರು. ಸಣ್ಣದೊಂದು ಕರೀ ಉಂಡೆ ಇನ್ನೊಂದಕ್ಕೆ. ಬಿಳೀ ಬೆಲ್ಲದ ತಟ್ಟೆ ಧಡ್ಡೆಂದು ನೆಲಕ್ಕೆ ಕೂತಿತು.

ಮಾವ ಕರೀ ಉಂಡೆಯನ್ನು ನನ್ನ ಕೈಗಿಟ್ಟರು.

"ನಿಮ್ ಮೇಷ್ಟ್ರನ್ನ ಬೆಲ್ಲ ತಕ್ಕೊಳಕ್ಕೆ ಇಲ್ಲಿಗೇ ಕಳ್ಸು. ಇದೇ ಲೆಕ್ಕದಲ್ಲಿ ಕೊಡ್ತೀನಿ."

೩. ಗಾಳಿ, ಬೆಳಕು

ಮೇಷ್ಟ್ರ ಪ್ರಾಣ ಇದ್ದದ್ದು ಖಾಲಿ ಜಾಗದಲ್ಲಿ.

"ಮನೇಲಿ ಇದ್ದ ಹಾಗೆ ಹಾಳೇಲೂ ಗಾಳಿ ಬೆಳಕು ಇರಬೇಕು ಕಣ್ರಯ್ಯಾ. ತುಂಬಿಸೋದು ಯಾರಿಗೂ ಬರುತ್ತೆ. ಬಿಡೋದು ಕಲೀರಿ."

ಮೂಲೆಯಲ್ಲಿ ಒಂದು ಬಳ್ಳಿ ಹೆಚ್ಚಿಗೆ ಎಳೆದವನಿಗೆ ಇಡೀ ಹಾಳೆ ಮತ್ತೆ ಬರೆಯುವ ಶಿಕ್ಷೆ.

ಅವರ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಬರೆಯುವ ಕೆಲಸ ನನಗೆ ಕೊಟ್ಟರು. ನಡುವೆ ವಧೂವರರ ಹೆಸರು, ಕೆಳಗೆ ಮುಹೂರ್ತ, ಛತ್ರದ ವಿಳಾಸ. ಉಳಿದದ್ದು ಬರಿದು. ಮೇಷ್ಟ್ರು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇದು ಕಣಯ್ಯಾ!" ಎಂದು ಬೆನ್ನು ತಟ್ಟಿದರು.

ಮರುದಿನ ಬಂದು, "ನಮ್ಮ ದೊಡ್ಡಪ್ಪನವರ ಹೆಸರು ಇಲ್ಲದಿದ್ರೆ ಅವರು ಬರೋದಿಲ್ವಂತೆ" ಅಂದರು. ಸೇರಿಸಿದೆ. ದೊಡ್ಡಪ್ಪ ಬಂದ ಮೇಲೆ ಚಿಕ್ಕಪ್ಪಂದಿರನ್ನು ಬಿಡುವಂತಿಲ್ಲ. ಅಷ್ಟರಲ್ಲಿ ಬೀಗರ ಕಡೆಯಿಂದ ಆಳು ಬಂದ. ಗಂಡಿನ ತಾತ, ತಾತನ ತಮ್ಮಂದಿರು, ಅವರವರ ಕೆಲಸ, ನಿವೃತ್ತರಾದವರಿಗೆ ನಿವೃತ್ತರು ಎಂಬುದು ಸಹಿತ. ಕೊನೆಗೆ ಮದುವೆ ಯಾರದ್ದೆಂದು ಹುಡುಕಬೇಕಾಯಿತು.

"ಸಾರ್, ಗಾಳಿ ಬೆಳಕು?" ಅಂದೆ.

ಮೇಷ್ಟ್ರು ಪತ್ರಿಕೆಯನ್ನು ಮಗುಚಿ ಹಾಕಿದರು. "ಹಿಂದುಗಡೆ ಎಷ್ಟು ಬೇಕಾದ್ರೂ ಇದೆಯಲ್ಲಯ್ಯಾ."

೪. ಸ್ಫೂರ್ತಿ

ಕೋಣೆಯಲ್ಲಿ ಕೂತವನಿಗೆ ಏನೂ ಹೊಳೆಯುವುದಿಲ್ಲ, ಹೊರಗೆ ಹೋಗಿ ಕಣ್ಣುಬಿಟ್ಟು ನೋಡಿ ಅಂದರು ಮೇಷ್ಟ್ರು. ಚಾಮುಂಡಿ ಬೆಟ್ಟಕ್ಕೆ ಹೋದೆ. ಪಾದದ ಹತ್ತಿರ, ಹೂವು ಮಾರುವ ಅಜ್ಜಿಯೊಬ್ಬಳ ಪಕ್ಕ ಹಲಗೆ ಇಟ್ಟುಕೊಂಡು ಕೂತೆ. ಅಜ್ಜಿ ಹೂವು ಕಟ್ಟುತ್ತಾ ಬಗ್ಗಿ ನೋಡಿದಳು.

"ಏನಪ್ಪಾ ಬರೀತಿದ್ದೀಯ?"

"ಬೆಟ್ಟ, ಅಜ್ಜಿ."

"ಯಾಕಪ್ಪಾ? ಎಲ್ಲಿಗಾದ್ರೂ ಹೊಂಟೋಯ್ತದಾ?"

ಹಲಗೆಯನ್ನು ಅವಳ ಬಳಿ ಬಿಟ್ಟು ಮೆಟ್ಟಿಲು ಹತ್ತಿದೆ. ಗುಡಿಯೊಳಗೆ ನೂಕುನುಗ್ಗಲು. ಜನರ ತಲೆಗಳ ನಡುವೆ ನನಗೆ ಕಂಡದ್ದು ದೇವಿಯ ಎರಡು ಕಣ್ಣು ಮಾತ್ರ. ಒಡವೆ ಕಾಣಲಿಲ್ಲ, ಹಾರ ಕಾಣಲಿಲ್ಲ. ಕಣ್ಣು ಸಾಕಾಗಿತ್ತು. ವರ್ಷವೆಲ್ಲ ಮೇಷ್ಟ್ರು ಬಡಕೊಂಡದ್ದು ಅಲ್ಲಿ ಅರ್ಥವಾಯಿತು. ದೊಡ್ಡ ಜ್ಞಾನ ಬಂದವನಂತೆ ಇಳಿದು ಬಂದೆ.

ಅಜ್ಜಿ ಹಲಗೆ ತೆಗೆದು ಕೊಟ್ಟಳು. "ತಕ್ಕೋ. ಬೆಟ್ಟಾನೂ ಅಲ್ಲೇ ಅದೆ. ನೋಡ್ಕೊಂಡಿದ್ದೆ."

೫. ಊದುಬತ್ತಿ ಪರೀಕ್ಷೆ

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬನೂ ನಿಜವಾದ ಅಂಗಡಿಯೊಂದಕ್ಕೆ ಲೇಬಲ್ಲು ಬರೆಯಬೇಕಿತ್ತು. ಅದು ಅಚ್ಚಾಗಿ ಮಾರಾಟಕ್ಕೆ ಬರಬೇಕು. ಆಮೇಲೆ ಹೊರಗಿನಿಂದ ಪರೀಕ್ಷಕರು ಬಂದು ನೋಡಿ ತೀರ್ಮಾನ ಹೇಳುತ್ತಾರೆ.

ನಮ್ಮ ಬೀದಿಯ ಊದುಬತ್ತಿ ಯಜಮಾನರು ಒಪ್ಪಿದರು. ಅವರ ಹಳೇ ಲೇಬಲ್ಲಿನಲ್ಲಿ ಬರೀ ಅಂಗಡಿಯ ಹೆಸರಿತ್ತು. ಹೊಸದಕ್ಕೆ ದೇವಿ, ಆನೆ, ಕಮಲ, ಅರಮನೆ, ಜೊತೆಗೆ ಗತಿಸಿದ ತಂದೆಯವರ ಭಾವಚಿತ್ರ ಬೇಕೆಂದರು. ಆನೆ ಇಳಿಸಿದೆ. ಅರಮನೆ ಕೆಡವಿದೆ. ಕಮಲ ಕಿತ್ತೆ. ತಂದೆಯವರ ಹತ್ತಿರ ಬಂದಾಗ ಯಜಮಾನರು ಕೈ ಅಡ್ಡ ಹಿಡಿದರು.

"ನಮ್ಮಪ್ಪನ್ನ ಏನ್ ಮಾಡ್ತೀಯ?"

"ಹಿಂದುಗಡೆ ಹಾಕ್ತೀನಿ, ಯಜಮಾನ್ರೇ."

"ಬದುಕಿದ್ದಾಗ ಎಲ್ಲೂ ಹಿಂದೆ ಕೂತವರಲ್ಲಪ್ಪ ಅವರು."

ಕಷ್ಟಪಟ್ಟು ಒಪ್ಪಿದರು. ಮುಂದೆ ಕೆಂಪು ನೆಲದ ಮೇಲೆ ದೇವಿಯ ಮುಖ, ದೊಡ್ಡ ಎರಡು ಕಣ್ಣು, ಅಷ್ಟೆ. ಹಿಂದೆ ಅವರ ತಂದೆ. ಲೇಬಲ್ಲು ಪೊಟ್ಟಣದ ಬಾಯಿಯನ್ನು ಮುಚ್ಚಿ ಎರಡೂ ಕಡೆ ಅಂಟುತ್ತಿತ್ತು.

ಮೊದಲ ವಾರ ಪೊಟ್ಟಣಗಳು ಬಿಸಿ ದೋಸೆಯಂತೆ ಖಾಲಿಯಾದವು. ಯಜಮಾನರು ಮನೆಗೆ ಮೈಸೂರುಪಾಕು ಕಳಿಸಿದರು. ಆಮೇಲೆ ವ್ಯಾಪಾರ ನಿಂತಿತು. ಒಂದು ಪೊಟ್ಟಣವೂ ಹೋಗಲಿಲ್ಲ. ಯಜಮಾನರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು.

ಪರೀಕ್ಷೆಯ ದಿನ. ಪರೀಕ್ಷಕರು ನನ್ನ ಪೊಟ್ಟಣ ಕೈಯಲ್ಲಿ ಹಿಡಿದು, "ಕಣ್ಣು ನೇರ ಇಲ್ಲಿಗೇ ಬರುತ್ತೆ" ಎನ್ನುತ್ತಿದ್ದರು. ಅಷ್ಟರಲ್ಲಿ ಯಜಮಾನರು ನುಗ್ಗಿದರು. ನನ್ನ ಕಣ್ಣಿಗೆ ತಕ್ಕಡಿ ಕಾಣಿಸಿತು.

"ಸ್ವಾಮಿ, ಪರೀಕ್ಷೆ ಮಾಡೋರು ನೀವೇನಾ? ಈ ಹುಡುಗ ನನ್ನ ವ್ಯಾಪಾರ ಮುಳುಗಿಸಿಬುಟ್ಟ!"

"ಮಾರಾಟ ಆಗಲಿಲ್ಲವೇ?"

"ಆಯ್ತು. ಮನೆಗೊಂದು ತಗೊಂಡ್ರು. ಎರಡನೇದು ಯಾರೂ ತಗೋತಿಲ್ಲ."

"ಪರಿಮಳ ಸಾಲದೇನೋ."

"ಪರಿಮಳ ಕಂಡೋರು ಯಾರು? ತೆಗೆದ್ರೆ ತಾನೇ? ಅಮ್ಮನವರ ಮುಖ ಹರಿಯೋದು ಹ್ಯಾಗೆ ಅಂತ ಪೊಟ್ಟಣ ಹಾಗೇ ದೇವರಗೂಡಲ್ಲಿ ಇಟ್ಟವ್ರೆ. ಕುಂಕುಮ ಇಡ್ತಾರೆ, ಹೂವ ಏರಿಸ್ತಾರೆ!"

"ಒಳ್ಳೇದೇ ಆಯ್ತಲ್ಲ."

"ಏನ್ ಒಳ್ಳೇದು? ಅದರ ಮುಂದೆ ಹಚ್ಚೋದು ಎದುರಂಗಡಿಯವನ ಊದುಬತ್ತಿ ಕಣ್ರೀ!"

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಪರೀಕ್ಷಕರು ಮಾತ್ರ ನಗಲಿಲ್ಲ. ಪೊಟ್ಟಣವನ್ನು ಯಜಮಾನರ ಮುಂದೆ ಚಾಚಿದರು.

"ಅಷ್ಟು ಕಷ್ಟವೇ? ನೀವೇ ಒಂದು ಸಲ ತೆಗೀರಿ, ನೋಡೋಣ."

ಯಜಮಾನರು ಈಸಿಕೊಂಡರು. ಹೆಬ್ಬೆರಳನ್ನು ದೇವಿಯ ಹಣೆಯ ಮೇಲಿಟ್ಟರು. ಬೆರಳು ಹಿಂತೆಗೆದರು. ಪಕ್ಕಕ್ಕೆ ಸರಿಸಿದರು. ಅಲ್ಲಿ ಕಣ್ಣಿತ್ತು. ಪೊಟ್ಟಣ ತಿರುಗಿಸಿದರು. ಅಲ್ಲಿ ಅವರಪ್ಪ ಇದ್ದರು.

ಆಮೇಲೆ ಚಪ್ಪಲಿ ಕಳಚಿ, ಪೊಟ್ಟಣವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಜೋಪಾನವಾಗಿ ಕೋಟಿನ ಜೇಬಿಗಿಳಿಸಿದರು.

ಪರೀಕ್ಷಕರು ಪೆನ್ನು ತೆಗೆದರು. "ಈಗ ನೀವೇ ಹೇಳಿ. ಈ ಹುಡುಗನ್ನ ಏನು ಮಾಡೋಣ?"

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪಾಸ್ ಮಾಡಿ ಸ್ವಾಮಿ" ಅಂದರು. "ಪಾಸ್ ಮಾಡಿ, ನಾಳೇನೇ ಎದುರಂಗಡಿಗೆ ಕಳಿಸಿ."