ಹೇಳದೆ ಅಡ್ಜಸ್ಟ್ ಮಾಡಿಕೊಂಡ ಕಂಪ್ಯೂಟರು

ತಕರಾರೇ ಇಲ್ಲದೆ ನಡೆಯುವ ವಸ್ತುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಅರಚಾಡುವ ಮಿಕ್ಸಿಯನ್ನು ನಂಬುತ್ತೇನೆ. ಸದ್ದಿಲ್ಲದ ಫ್ರಿಜ್ಜನ್ನು ಮಾತ್ರ ಆಗಾಗ ಬಾಗಿಲು ತೆಗೆದು ನೋಡುತ್ತೇನೆ. ರಾಮಮೂರ್ತಿ ನಗರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಎರಡು ಡಿಸ್ಕ್ ಹಾಕಿಸಿದ್ದೂ ಇದೇ ಗುಮಾನಿಯಿಂದ. ಬರೆದದ್ದೆಲ್ಲ ಎರಡರಲ್ಲೂ ಕೂರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿದೆ.

ಕಳೆದ ವಾರ ಧೂಳು ತೆಗೆಯಲೆಂದು ಶಿವಾಜಿನಗರದ ರಿಪೇರಿಯವರು, ಖಲೀಲ್ ಭಾಯ್, ಬಂದರು. ನನ್ನ ಎಡಕ್ಕೆ ಕೂತು ಪೆಟ್ಟಿಗೆ ಬಿಚ್ಚಿ ಏನೋ ಹೇಳಿದರು. ನಾನು ಕುರ್ಚಿ ತಿರುಗಿಸಿಕೊಂಡೆ.

“ಸಾರ್, ಒಂದು ಡಿಸ್ಕ್ ಹೋಗಿ ಮೂರು ತಿಂಗಳಾಗಿದೆ. ಸಿಸ್ಟಮ್ ಅಡ್ಜಸ್ಟ್ ಮಾಡ್ಕೊಂಡು ಇನ್ನೊಂದ್ರಲ್ಲೇ ಆನ್ ಆಗ್ತಾ ಇದೆ.”

“ನನಗೊಂದು ಮಾತು ಹೇಳ್ಬೇಕಲ್ವೇನ್ರೀ ಅದು?”

“ಕೆಲಸ ನಿಲ್ಬಾರ್ದು ಅಂತ ಹಾಗೆ ಇಟ್ಟಿರ್ತಾರೆ ಸಾರ್. ಬೇಡ ಅಂದ್ರೆ, ಒಂದು ಡಿಸ್ಕ್ ಹೋದ್ರೂ ಆನ್ ಆಗ್ದೇ ಇರೋ ಹಾಗೆ ಮಾಡ್ತೀನಿ. ಆಮೇಲೆ ಮದುವೆ ಸೀಸನ್ನಲ್ಲಿ ನಿಂತೋಯ್ತು ಅಂತ ನನ್ನ ಬೈಬಾರ್ದು.”

ಮೂರು ತಿಂಗಳು ಒಂಟಿ ಡಿಸ್ಕಿನ ಮೇಲೆ ನೆಮ್ಮದಿಯಾಗಿ ಮದುವೆಗಳನ್ನು ಮಾಡಿಸಿದ್ದೆನಲ್ಲ! “ನಿಲ್ಲಲಿ ಬಿಡಿ. ನಿಂತು ಹೇಳಲಿ. ಮುಚ್ಚಿಟ್ಟುಕೊಂಡು ಓಡೋದು ಬೇಡ” ಎಂದೆ. ಹೊಸ ಡಿಸ್ಕ್ ಕೂರಿಸಿ, ಹಾಗೇ ಮಾಡಿಕೊಟ್ಟು ಹೋದರು.

ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಸರೋಜಳಿಗೂ ಇದೇ ಭಾಷಣ ಬಿಗಿದೆ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಹೇಳುವ ಪ್ರಾಮಾಣಿಕತೆ ಯಂತ್ರಕ್ಕಾದರೂ ಇರಬೇಡವೇ ಎಂದೆ. ಅವಳು ಸೌಟು ಕೆಳಗಿಟ್ಟಳು.

“ರೀ, ನಿಮ್ಮ ಎಡಗಿವಿ ಕೇಳ್ಸೋದು ನಿಂತು ಎಷ್ಟು ದಿನ ಆಯ್ತು?”

ನಾನು ಫೋನನ್ನು ಬಲಗಿವಿಗೇ ಹಿಡಿಯುವುದು, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಕಡೆ ನಡೆಯುವಾಗ ಅವಳನ್ನು ಬಲಕ್ಕೆ ಬಿಟ್ಟುಕೊಳ್ಳುವುದು, ಕೇಳಿಸದಿದ್ದಕ್ಕೆಲ್ಲ ‘ಹ್ಞೂಂ’ ಎನ್ನುವುದು, ಎಲ್ಲವನ್ನೂ ಗಮನಿಸಿದ್ದಳು. ಡಾಕ್ಟರು ಏನೆನ್ನುತ್ತಾರೋ ಎಂದು ನನಗೆ ಭಯವಿತ್ತು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

“ಹಿಂದಿಂದ ಬಸ್ಸು ಬಂದ್ರೆ ಗೊತ್ತಾಗುತ್ತೇನ್ರೀ ನಿಮಗೆ?” ಎಂದಳು.

“ಇನ್ನೊಂದು ಚೆನ್ನಾಗಿದೆಯಲ್ಲ. ಕೆಲಸವೇನೂ ನಿಂತಿಲ್ಲ” ಎಂದೆ. ಈ ಮಾತನ್ನು ಅಂದೇ ಎಲ್ಲೋ ಕೇಳಿದ ಹಾಗಿತ್ತು.

ಅವಳು ಸಾರು ಬಡಿಸಲು ನನ್ನ ಎಡಕ್ಕೆ ಬಂದು ಇನ್ನೇನೋ ಹೇಳಿದಳು. ಅಭ್ಯಾಸ ಬಿಡಬೇಕಲ್ಲ, “ಹ್ಞೂಂ” ಎಂದುಬಿಟ್ಟೆ. ಹಲಸೂರಿನ ಕಿವಿ ಡಾಕ್ಟರ ಹತ್ತಿರ ಮರುದಿನ ಬೆಳಿಗ್ಗೆಯೇ ಹೋಗುವುದಕ್ಕೆ ನಾನು ಒಪ್ಪಿದ್ದೆನಂತೆ.